ಕೆನೆ ಇಲ್ಲದಿದ್ದರೆ ಏನು ಹಾಕೋಣ?



ಪತ್ರಿಕೆಯಲ್ಲಿ ಬಂದ ಹೊಸ ರುಚಿಯೊಂದನ್ನು ಮನೆಯಲ್ಲಿ ಮಾಡಿ ನೋಡಬೇಕು ಎಂದು ನೀವು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಟೊಮೆಟೊ, ಈರುಳ್ಳಿ, ಹಸಿ ಬಟಾಣಿ, ಮಸಾಲೆ ಎಲ್ಲವೂ ಮನೆಯಲ್ಲಿದೆ. ಆದರೆ ಕೊನೆಯ ಸಾಲಿನಲ್ಲಿ ‘ಅರ್ಧ ಬಟ್ಟಲು ಹೆವಿ ಕ್ರೀಮ್ ಸೇರಿಸಿ’ ಎಂದು ಬರೆದಿದೆ. ಹೆವಿ ಕ್ರೀಮ್ ಎಂದರೆ ಹಾಲಿನಿಂದ ತೆಗೆದ ಗಟ್ಟಿಯಾದ ಕೆನೆ. ಊರಿನ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಪೇಟೆಗೆ ಹೋದರೆ ಸಿಗುತ್ತದೆ, ಆದರೆ ಬೆಲೆ ಹೆಚ್ಚು.

ಈಗ ಏನು ಮಾಡುವುದು? ಅಮ್ಮ ಹೇಳುತ್ತಾರೆ, “ಒಂದು ಲೋಟ ಹಾಲು ಹಾಕು.” ಅಜ್ಜಿ ಹೇಳುತ್ತಾರೆ, “ಗಟ್ಟಿ ಮೊಸರು ಹಾಕು.” ಅಕ್ಕ ಹೇಳುತ್ತಾಳೆ, “ನಾಲ್ಕು ಗೋಡಂಬಿ ರುಬ್ಬಿ ಹಾಕು.” ಮಂಗಳೂರು ಕಡೆಯಿಂದ ಬಂದ ಪಕ್ಕದ ಮನೆಯ ಚಿಕ್ಕಮ್ಮ ಹೇಳುತ್ತಾರೆ, “ಕಾಯಿಹಾಲು ಹಾಕಿದರೆ ಸಾಕು.”

ನಾಲ್ಕೂ ಬಿಳಿ ಬಣ್ಣದವೇ. ಹಾಗಾದರೆ ಯಾವುದನ್ನು ಬೇಕಾದರೂ ಹಾಕಬಹುದೆ? ಖಂಡಿತ ಇಲ್ಲ. ಒಂದನ್ನು ಹಾಕಿದರೆ ಗೊಜ್ಜು ನುಣುಪಾಗುತ್ತದೆ. ಇನ್ನೊಂದನ್ನು ಹಾಕಿದರೆ ಒಡೆದು ಬಿಳಿ ಚೂರು ಬೇರೆ, ನೀರು ಬೇರೆ ಆಗುತ್ತದೆ. ಮಾಡಿದ ಅಡುಗೆ ದಂಡವಾಗುತ್ತದೆ. ಬಣ್ಣ ನೋಡಿ ಬದಲಿ ಆರಿಸಬಾರದು. ಕೆನೆ ಅಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ಮೊದಲು ತಿಳಿಯಬೇಕು. ಆ ಕೆಲಸವನ್ನು ಮಾಡಬಲ್ಲ ವಸ್ತುವೇ ಸರಿಯಾದ ಬದಲಿ. ಬನ್ನಿ, ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು ಇದನ್ನು ತಿಳಿಯೋಣ.

ಕೆನೆ ಎಂದರೇನು?

ಬರಿಗಣ್ಣಿಗೆ ಹಾಲು ಒಂದೇ ವಸ್ತುವಿನಂತೆ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಹಾಲನ್ನು ಇಟ್ಟು ನೋಡಿ. ನೀರಿನಂತಹ ದ್ರವದಲ್ಲಿ ಸಾವಿರಾರು ಪುಟ್ಟ ಗುಂಡುಗಳು ತೇಲುತ್ತಿರುತ್ತವೆ. ಅವು ಕೊಬ್ಬಿನ ಕಣಗಳು. ಅವುಗಳ ಸರಾಸರಿ ಗಾತ್ರ 3ರಿಂದ 4 ಮೈಕ್ರೋಮೀಟರ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಬರುವ ಒಂದು ಭಾಗವೇ ಮೈಕ್ರೋಮೀಟರ್. ಪ್ರತಿ ಕಣದ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ. ಈ ಪೊರೆ ಇರುವುದರಿಂದಲೇ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ನೀರಿನಲ್ಲಿ ಹರಡಿಕೊಂಡಿರುತ್ತವೆ. ಹೀಗೆ ಒಂದು ದ್ರವದಲ್ಲಿ ಅದರೊಡನೆ ಬೆರೆಯದ ಇನ್ನೊಂದು ದ್ರವ ಸಣ್ಣ ಹನಿಗಳಾಗಿ ಹರಡಿಕೊಂಡಿರುವುದನ್ನು ಎಮಲ್ಷನ್ ಎನ್ನುತ್ತಾರೆ.

ಕೊಬ್ಬು ನೀರಿಗಿಂತ ಹಗುರ. ಒಂದು ಲೀಟರ್ ನೀರಿನ ತೂಕ 1000 ಗ್ರಾಂ ಆದರೆ ಒಂದು ಲೀಟರ್ ಹಾಲಿನ ಕೊಬ್ಬಿನ ತೂಕ ಸುಮಾರು 930 ಗ್ರಾಂ. ಆದ್ದರಿಂದ ಕರೆದ ಹಾಲನ್ನು ಅಲುಗಾಡಿಸದೆ ಇಟ್ಟರೆ ಕೊಬ್ಬಿನ ಕಣಗಳು ನಿಧಾನವಾಗಿ ಮೇಲಕ್ಕೆ ಬಂದು ಗುಂಪುಗೂಡುತ್ತವೆ. ಅದೇ ಕೆನೆ.

ಕಾಯಿಸಿದ ಹಾಲಿನ ಮೇಲೆ ಕಟ್ಟುವ ಸುಕ್ಕುಸುಕ್ಕಾದ ಪದರವನ್ನೂ ನಾವು ಕೆನೆ ಎಂದೇ ಕರೆಯುತ್ತೇವೆ. ಅದರಲ್ಲಿ ಕೊಬ್ಬಿನ ಜೊತೆಗೆ ಬಿಸಿಗೆ ಗಟ್ಟಿಯಾದ ಪ್ರೋಟೀನ್ ಕೂಡ ಇರುತ್ತದೆ. ಆದ್ದರಿಂದಲೇ ಅದನ್ನು ಚಮಚದಲ್ಲಿ ಬಟ್ಟೆಯಂತೆ ಎತ್ತಬಹುದು. ಅಡುಗೆ ಪುಸ್ತಕಗಳಲ್ಲಿ ಹೇಳುವ ಕ್ರೀಮ್ ಇದಲ್ಲ. ಅದು ಹಸಿ ಹಾಲಿನಿಂದ ಯಂತ್ರದಲ್ಲಿ ಬೇರ್ಪಡಿಸಿದ, ಸುರಿಯಲು ಬರುವಂತಹ ಕೆನೆ.

ಈ ಯಂತ್ರದ ಹಿಂದೆ ಒಂದು ಸರಳ ತತ್ವವಿದೆ. ಹಾಲನ್ನು ಪಾತ್ರೆಯಲ್ಲಿಟ್ಟು ಅತಿ ವೇಗವಾಗಿ ತಿರುಗಿಸಿದರೆ ಭಾರವಾದ ಭಾಗ ಹೊರಗಿನ ಅಂಚಿಗೆ ಸರಿಯುತ್ತದೆ. ಹಗುರವಾದ ಕೆನೆ ನಡುವಿನಲ್ಲಿ ಉಳಿಯುತ್ತದೆ. ಗಂಟೆಗಟ್ಟಲೆ ಕಾಯುವ ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ. ಸ್ವೀಡನ್ ದೇಶದ ಎಂಜಿನಿಯರ್ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ಇಂತಹ ಯಂತ್ರವನ್ನು ರೂಪಿಸಿದರು. ಇಂದಿಗೂ ಡೇರಿಗಳಲ್ಲಿ ಇದೇ ತತ್ವದ ಯಂತ್ರಗಳು ಕೆಲಸ ಮಾಡುತ್ತವೆ.

ಒಂದು ಸಣ್ಣ ಲೆಕ್ಕ

ಹಸುವಿನ ಹಾಲಿನಲ್ಲಿ ಸುಮಾರು ಶೇ. 4ರಷ್ಟು ಕೊಬ್ಬು ಇರುತ್ತದೆ. ಎಮ್ಮೆ ಹಾಲಿನಲ್ಲಿ ಸುಮಾರು ಶೇ. 7. ಪೊಟ್ಟಣದ ‘ಟೋನ್ಡ್’ ಹಾಲಿನಲ್ಲಿ ಶೇ. 3. ಹೆವಿ ಕ್ರೀಮ್ ಎಂಬ ಹೆಸರು ಅಮೆರಿಕದ್ದು. ಅಲ್ಲಿನ ನಿಯಮದಂತೆ ಅದರಲ್ಲಿ ಕನಿಷ್ಠ ಶೇ. 36ರಷ್ಟು ಹಾಲಿನ ಕೊಬ್ಬು ಇರಬೇಕು.

ಈಗ ಲೆಕ್ಕ ಹಾಕಿ. 100 ಗ್ರಾಂ ಹೆವಿ ಕ್ರೀಮಿನಲ್ಲಿ 36 ಗ್ರಾಂ ಕೊಬ್ಬು. ಹಸುವಿನ 100 ಗ್ರಾಂ ಹಾಲಿನಲ್ಲಿ 4 ಗ್ರಾಂ ಕೊಬ್ಬು. ಹಾಗಾದರೆ 36 ಗ್ರಾಂ ಕೊಬ್ಬು ಬೇಕಾದರೆ ಎಷ್ಟು ಹಾಲು ಬೇಕು? 900 ಗ್ರಾಂ! ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಹಾಲಿನ ಕೊಬ್ಬೆಲ್ಲ ಸೇರಿದರೆ ಒಂದು ಸಣ್ಣ ಬಟ್ಟಲು ಕ್ರೀಮ್ ಆಗುತ್ತದೆ. ಕ್ರೀಮಿನ ಬೆಲೆ ಏಕೆ ಹೆಚ್ಚು ಎಂಬುದು ಈಗ ತಿಳಿಯಿತಲ್ಲವೇ? ಒಂದು ಲೋಟ ಹಾಲು ಏಕೆ ಅದಕ್ಕೆ ಸಮನಾಗುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಕೆನೆ ಮಾಡುವ ನಾಲ್ಕು ಕೆಲಸಗಳು

1. ಜಿಡ್ಡು ಕೊಡುತ್ತದೆ. ಮೆಣಸಿನಕಾಯಿಯ ಖಾರದ ವಸ್ತು ಹಾಗೂ ಮಸಾಲೆಯ ಎಷ್ಟೋ ಪರಿಮಳ ವಸ್ತುಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಆದ್ದರಿಂದ ಕೆನೆ ಹಾಕಿದ ಅಡುಗೆ ನಾಲಿಗೆಗೆ ಹಿತವಾಗಿರುತ್ತದೆ, ಖಾರ ಕಡಿಮೆ ಎನಿಸುತ್ತದೆ.

2. ಮಂದ ಮಾಡುತ್ತದೆ. ಜಾತ್ರೆಯ ಗುಂಪಿನಲ್ಲಿ ಬೇಗ ಬೇಗ ನಡೆಯಲು ಆಗುತ್ತದೆಯೇ? ಇಲ್ಲ. ಹಾಗೆಯೇ ಕೆನೆಯಲ್ಲಿ ಕೊಬ್ಬಿನ ಕಣಗಳು ಒತ್ತೊತ್ತಾಗಿರುವುದರಿಂದ ಅದು ಹಾಲಿನಂತೆ ಸರಾಗವಾಗಿ ಹರಿಯುವುದಿಲ್ಲ.

3. ಹುಳಿಗೆ ಸುಲಭವಾಗಿ ಒಡೆಯುವುದಿಲ್ಲ. ಇದು ಮುಖ್ಯವಾದ ಗುಣ. ಇದರ ಕಾರಣವನ್ನು ಮುಂದೆ ನೋಡೋಣ.

4. ಗಾಳಿಯನ್ನು ಹಿಡಿದಿಡುತ್ತದೆ. ತಣ್ಣಗಿನ ಕ್ರೀಮನ್ನು ಕಡೆದರೆ ಅದು ಉಬ್ಬಿ ಹತ್ತಿಯಂತಾಗುತ್ತದೆ. ಕೇಕಿನ ಮೇಲಿನ ಅಲಂಕಾರಕ್ಕೆ ಈ ಗುಣವೇ ಬೇಕು.

ಎಲ್ಲ ಅಡುಗೆಗೂ ಈ ನಾಲ್ಕೂ ಕೆಲಸ ಬೇಕಾಗುವುದಿಲ್ಲ. ಗೊಜ್ಜಿಗೆ ಮೊದಲ ಮೂರು ಸಾಕು. ಕೇಕಿನ ಹಿಟ್ಟಿಗೆ ಮುಖ್ಯವಾಗಿ ಮೊದಲನೆಯದು ಬೇಕು. ಕೇಕಿನ ಮೇಲಿನ ಹೂವಿಗೆ ನಾಲ್ಕನೆಯದು ಬೇಕು. ಒಂದೊಂದಾಗಿ ನೋಡೋಣ.

ಹುಳಿ ಗೊಜ್ಜಿಗೆ ಯಾವುದು ಸರಿ?

ಮೊದಲು ಅಮ್ಮ ಹೇಳಿದ ಹಾಲು. ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನ್ ಇದೆ. ಅದರ ಪುಟ್ಟ ಕಣಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿರುತ್ತವೆ. ಹುಳಿ, ಅಂದರೆ ಆಮ್ಲ ಸೇರಿದಾಗ ಈ ತಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಆಗ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಬಿಸಿ ಇದ್ದರೆ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ. ಬಿಸಿ ಹಾಲಿಗೆ ನಿಂಬೆರಸ ಹಿಂಡಿ ಪನೀರ್ ಮಾಡುವುದು ಹೀಗೆಯೇ. ಟೊಮೆಟೊ ಕೂಡ ಹುಳಿ. ಕುದಿಯುವ ಟೊಮೆಟೊ ಗೊಜ್ಜಿಗೆ ಹಾಲು ಸುರಿದರೆ ಒಡೆಯುವ ಸಾಧ್ಯತೆ ಹೆಚ್ಚು.

ಹಾಗಾದರೆ ಕೆನೆ ಏಕೆ ಅಷ್ಟು ಸುಲಭವಾಗಿ ಒಡೆಯುವುದಿಲ್ಲ? ಕೆನೆಯಲ್ಲಿ ಹಾಲಿಗಿಂತ ಕೇಸೀನ್ ಕಡಿಮೆ. ಇರುವ ಅಲ್ಪಸ್ವಲ್ಪ ಕೇಸೀನ್ ಕಣಗಳ ನಡುವೆಯೂ ಕೊಬ್ಬಿನ ಕಣಗಳು ಅಡ್ಡ ನಿಂತಿರುತ್ತವೆ. ಒಂದನ್ನೊಂದು ಸೇರಿ ದೊಡ್ಡ ಗಂಟಾಗಲು ಅವಕಾಶ ಸಿಗುವುದಿಲ್ಲ.

ಹಾಲನ್ನು ಕುದಿಸಿ ಕುದಿಸಿ ಗಟ್ಟಿ ಮಾಡಿ ಹಾಕಿದರೆ? ಒಂದು ಲೀಟರ್ ಹಾಲನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಕೊಬ್ಬು ಶೇ. 4ರಿಂದ ಸುಮಾರು ಶೇ. 12ಕ್ಕೆ ಏರುತ್ತದೆ. ಪಾಯಸಕ್ಕೆ, ಬಾಸುಂದಿಗೆ ಇದು ಬಹಳ ಚೆನ್ನ. ಆದರೆ ನೀರು ಆವಿಯಾದಾಗ ಕೊಬ್ಬಿನ ಜೊತೆಗೆ ಕೇಸೀನ್ ಕೂಡ ಮೂರು ಪಟ್ಟು ದಟ್ಟವಾಗುತ್ತದೆ! ಆದ್ದರಿಂದ ಹುಳಿ ಇರುವ ಗೊಜ್ಜಿಗೆ ಅದು ತಕ್ಕದ್ದಲ್ಲ. ನೋಡಿ, ಸಿಹಿ ಅಡುಗೆಯಲ್ಲಿ ಸರಿಯಾದ ಬದಲಿ ಹುಳಿ ಅಡುಗೆಯಲ್ಲಿ ತಪ್ಪಾಗುತ್ತದೆ.

ಇನ್ನು ಅಜ್ಜಿ ಹೇಳಿದ ಮೊಸರು. ಮೊಸರಿನಲ್ಲಿ ಕೇಸೀನ್ ಆಗಲೇ ಒಂದಕ್ಕೊಂದು ಸೇರಿ ಬಲೆಯಂತಾಗಿರುತ್ತದೆ. ಬಲೆಯ ಕಣ್ಣುಗಳಲ್ಲಿ ನೀರು ನಿಂತಿರುತ್ತದೆ. ಬಿಸಿ ಮಾಡಿದಾಗ ಬಲೆ ಬಿಗಿಯಾಗಿ ಕುಗ್ಗಿ ನೀರನ್ನು ಹೊರಕ್ಕೆ ಹಿಂಡುತ್ತದೆ. ಅದೇ ಒಡೆದ ಮೊಸರು. ಆದರೆ ಅಜ್ಜಿಗೆ ಇದು ಗೊತ್ತಿಲ್ಲವೆಂದು ತಿಳಿಯಬೇಡಿ. ಮಜ್ಜಿಗೆ ಹುಳಿ ಮಾಡುವಾಗ ಗಮನಿಸಿ. ನೆನೆಸಿದ ಕಡಲೆಬೇಳೆಯನ್ನೋ ಅಕ್ಕಿಯನ್ನೋ ತೆಂಗಿನಕಾಯಿ, ಹಸಿಮೆಣಸಿನಕಾಯಿಯ ಜೊತೆ ರುಬ್ಬಿ ಹಾಕುತ್ತಾರೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾರೆ. ಬಹಳ ಹೊತ್ತು ಕುದಿಸುವುದಿಲ್ಲ. ಬೇಳೆ ಮತ್ತು ಅಕ್ಕಿಯಲ್ಲಿರುವ ಪಿಷ್ಟ ಬಿಸಿಗೆ ನೀರು ಹೀರಿ ಉಬ್ಬುತ್ತದೆ. ದ್ರವವನ್ನು ಮಂದ ಮಾಡುತ್ತದೆ. ಕೇಸೀನ್ ಕಣಗಳ ನಡುವೆ ಅಡ್ಡ ನಿಂತು ಅವು ಗಂಟಾಗದಂತೆ ತಡೆಯುತ್ತದೆ. ಕೆನೆಯಲ್ಲಿ ಕೊಬ್ಬು ಮಾಡುವ ಕಾವಲು ಕೆಲಸವನ್ನು ಇಲ್ಲಿ ಪಿಷ್ಟ ಮಾಡುತ್ತದೆ! ಹಿಟ್ಟು ಕದಡಿದ ಮೊಸರು ಗೊಜ್ಜಿಗೆ ಒಳ್ಳೆಯ ಬದಲಿ. ಹುಳಿ ಮಾತ್ರ ಸ್ವಲ್ಪ ಹೆಚ್ಚಾಗುತ್ತದೆ. ಅದಕ್ಕೆ ಟೊಮೆಟೊ ಕಡಿಮೆ ಮಾಡಬೇಕು.

ಅಕ್ಕ ಹೇಳಿದ ಗೋಡಂಬಿ ನೋಡೋಣ. ಗೋಡಂಬಿಯಲ್ಲಿ ಸುಮಾರು ಶೇ. 45ರಷ್ಟು ಕೊಬ್ಬು ಇದೆ. ಪಿಷ್ಟವೂ ಇದೆ. 50 ಗ್ರಾಂ ಗೋಡಂಬಿಯನ್ನು 100 ಗ್ರಾಂ ನೀರಿನಲ್ಲಿ ನೆನೆಸಿ ಅದೇ ನೀರಿನ ಜೊತೆ ನುಣ್ಣಗೆ ರುಬ್ಬಿದರೆ 150 ಗ್ರಾಂ ಮಿಶ್ರಣದಲ್ಲಿ ಸುಮಾರು 22 ಗ್ರಾಂ ಕೊಬ್ಬು ಇರುತ್ತದೆ. ಅಂದರೆ ಶೇ. 15ರಷ್ಟು. ಇದರಲ್ಲಿ ಕೇಸೀನ್ ಇಲ್ಲ. ಆದ್ದರಿಂದ ಟೊಮೆಟೊದ ಹುಳಿಗೆ ಹಾಲಿನಂತೆ ಒಡೆಯುವುದಿಲ್ಲ. ಜಿಡ್ಡು, ಮಂದ, ಒಡೆಯದಿರುವುದು, ಮೂರೂ ಕೆಲಸಗಳನ್ನು ಇದು ಒಂದೇ ಮಾಡುತ್ತದೆ. ಗೋಡಂಬಿ ದುಬಾರಿ ಎನಿಸಿದರೆ ಹುರಿದು ಸಿಪ್ಪೆ ತೆಗೆದ ಕಡಲೇಕಾಯಿ ಬೀಜವನ್ನು ನೆನೆಸಿ ರುಬ್ಬಬಹುದು. ಅದರಲ್ಲಿಯೂ ಶೇ. 40ಕ್ಕಿಂತ ಹೆಚ್ಚು ಎಣ್ಣೆ ಇದೆ. ಆದರೆ ಅದರ ರುಚಿ ಎದ್ದು ಕಾಣುತ್ತದೆ.

ಕೊನೆಗೆ ಚಿಕ್ಕಮ್ಮ ಹೇಳಿದ ಕಾಯಿಹಾಲು. ತುರಿದ ತೆಂಗಿನಕಾಯಿಯನ್ನು ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿದಾಗ ಬರುವ ಮೊದಲ ಹಾಲು ಗಟ್ಟಿ, ಮತ್ತೆ ನೀರು ಹಾಕಿ ಹಿಂಡಿದ ಎರಡನೆಯ ಹಾಲು ತೆಳು. ಹಸುವಿನ ಹಾಲಿನಂತೆ ಇದೂ ಒಂದು ಎಮಲ್ಷನ್. ಎಣ್ಣೆಯ ಹನಿಗಳನ್ನು ಹಿಡಿದಿಟ್ಟಿರುವುದು ತೆಂಗಿನ ಪ್ರೋಟೀನ್. ಹೆಚ್ಚು ಹೊತ್ತು ಕುದಿಸಿದರೆ ಈ ಪ್ರೋಟೀನ್ ಹೆಪ್ಪುಗಟ್ಟಿ ಎಣ್ಣೆಯನ್ನು ಬಿಟ್ಟುಬಿಡುತ್ತದೆ. ಕೇರಳದಲ್ಲಿ ಕಾಯಿಹಾಲನ್ನೇ ಕುದಿಸಿ ಕೊಬ್ಬರಿ ಎಣ್ಣೆ ತೆಗೆಯುವ ಹಳೆಯ ಪದ್ಧತಿ ಇದೆ. ಆದ್ದರಿಂದ ಅನುಭವಿಗಳು ತೆಳು ಹಾಲಿನಲ್ಲಿ ತರಕಾರಿ ಬೇಯಿಸಿ, ಗಟ್ಟಿ ಹಾಲನ್ನು ಕೊನೆಯಲ್ಲಿ ಸೇರಿಸಿ, ಒಂದು ಸಲ ಬಿಸಿಯಾದೊಡನೆ ಒಲೆಯಿಂದ ಇಳಿಸುತ್ತಾರೆ.

ಈಗ ಹೇಳಿ, ಟೊಮೆಟೊ ಗೊಜ್ಜಿಗೆ ಯಾರ ಮಾತು ಸರಿ? ಅಕ್ಕನ ಮಾತು ಸರಿ. ಚಿಕ್ಕಮ್ಮನ ಮಾತೂ ಸರಿ, ಆದರೆ ಕೊನೆಯಲ್ಲಿ ಹಾಕಬೇಕು. ಅಜ್ಜಿಯ ಮಾತೂ ಸರಿ, ಆದರೆ ಹಿಟ್ಟು ಕದಡಿ ಹಾಕಬೇಕು. ಅಮ್ಮನ ಹಾಲನ್ನು ಪಾಯಸಕ್ಕೆ ಇಟ್ಟುಕೊಳ್ಳೋಣ.

ಮಾಡಿ ನೋಡಿ – 1: ಯಾರಲ್ಲಿ ಏನಿದೆ?

ಬೇಕಾಗುವ ವಸ್ತುಗಳು: ಗೋಡಂಬಿ, ಕಡಲೇಕಾಯಿ ಬೀಜ, ತೆಂಗಿನ ತುರಿ, ಹುರಿಗಡಲೆ, ಅಕ್ಕಿಹಿಟ್ಟು, ಬಿಳಿ ಹಾಳೆ, ಶಾಲೆಯ ವಿಜ್ಞಾನ ಕಿಟ್ಟಿನಲ್ಲಿರುವ ಅಯೋಡಿನ್ ದ್ರಾವಣ.

ಕೊಬ್ಬಿನ ಪರೀಕ್ಷೆ: ಒಂದೊಂದನ್ನೂ ಹಾಳೆಯ ಮೇಲೆ ಒತ್ತಿ ಉಜ್ಜಿ. ಹಾಳೆಯನ್ನು ಚೆನ್ನಾಗಿ ಒಣಗಲು ಬಿಡಿ. ಅನಂತರ ಬೆಳಕಿಗೆ ಹಿಡಿದು ನೋಡಿ. ನೀರಿನ ಕಲೆ ಒಣಗಿ ಮಾಯವಾಗುತ್ತದೆ. ಕೊಬ್ಬಿನ ಕಲೆ ಅರೆಪಾರದರ್ಶಕವಾಗಿ ಉಳಿಯುತ್ತದೆ.

ಪಿಷ್ಟದ ಪರೀಕ್ಷೆ: ಒಂದೊಂದನ್ನೂ ಸ್ವಲ್ಪ ಜಜ್ಜಿ, ಎರಡು ಹನಿ ಅಯೋಡಿನ್ ದ್ರಾವಣ ಹಾಕಿ. ಕಡುನೀಲಿ ಅಥವಾ ಕಪ್ಪು ಬಣ್ಣ ಬಂದರೆ ಪಿಷ್ಟ ಇದೆ ಎಂದು ಅರ್ಥ. ಅಯೋಡಿನ್ ಹಾಕಿದ ವಸ್ತುವನ್ನು ತಿನ್ನಬಾರದು.

ನಿಮ್ಮ ಪುಸ್ತಕದಲ್ಲಿ ಮೂರು ಕಲಂಗಳ ಪಟ್ಟಿ ಮಾಡಿ: ವಸ್ತು, ಕೊಬ್ಬಿನ ಕಲೆ, ಪಿಷ್ಟದ ಬಣ್ಣ. ತೆಂಗಿನಕಾಯಿ ದೊಡ್ಡ ಜಿಡ್ಡಿನ ಕಲೆ ಬಿಡುತ್ತದೆ, ಆದರೆ ಕಡುನೀಲಿಯಾಗುವುದಿಲ್ಲ. ಅಕ್ಕಿಹಿಟ್ಟು ಕಡುನೀಲಿಯಾಗುತ್ತದೆ, ಜಿಡ್ಡಿನ ಕಲೆ ಕಾಣುವುದಿಲ್ಲ. ಗೋಡಂಬಿಯಲ್ಲಿ ಎರಡೂ ಕಾಣುತ್ತವೆ. ಹುರಿಗಡಲೆ ಏನು ಹೇಳುತ್ತದೆ? ನೀವೇ ನೋಡಿ ಬರೆಯಿರಿ. ಸಾಗು ಮಂದವಾಗಲು ಹುರಿಗಡಲೆ ಸಾಕಾಗುತ್ತದೆ, ಆದರೆ ಕೆನೆಯ ಹಿತವಾದ ಜಿಡ್ಡು ಅದರಿಂದ ಏಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಪಟ್ಟಿಯಲ್ಲೇ ಸಿಗುತ್ತದೆ.

ಮಾಡಿ ನೋಡಿ – 2: ಒಡೆಯುವ ಮಜ್ಜಿಗೆ, ಒಡೆಯದ ಮಜ್ಜಿಗೆ

ಒಲೆಯ ಕೆಲಸವಾದ್ದರಿಂದ ದೊಡ್ಡವರ ಜೊತೆಯಲ್ಲಿಯೇ ಮಾಡಿ. ಎರಡು ಒಂದೇ ಬಗೆಯ ಪಾತ್ರೆಗಳಲ್ಲಿ ಒಂದೊಂದು ಲೋಟ ಹುಳಿ ಮಜ್ಜಿಗೆ ತೆಗೆದುಕೊಳ್ಳಿ. ಎರಡನೆಯದಕ್ಕೆ ಮಾತ್ರ ಎರಡು ಚಮಚ ಅಕ್ಕಿಹಿಟ್ಟನ್ನು ಗಂಟಿಲ್ಲದಂತೆ ಕದಡಿ. ಎರಡನ್ನೂ ಸಣ್ಣ ಉರಿಯಲ್ಲಿ, ಒಂದೇ ರೀತಿ ಕೈಯಾಡಿಸುತ್ತ, ಒಂದೇ ಹೊತ್ತು ಬಿಸಿ ಮಾಡಿ. ಯಾವುದು ಮೊದಲು ಒಡೆಯಿತು? ಬಟ್ಟೆಯಲ್ಲಿ ಸೋಸಿದರೆ ಯಾವುದರಿಂದ ತಿಳಿನೀರು ಹೆಚ್ಚು ಬಂತು?

ಗಮನಿಸಿ: ಪಾತ್ರೆ, ಉರಿ, ಹೊತ್ತು, ಮಜ್ಜಿಗೆ ಎಲ್ಲವೂ ಒಂದೇ ಇರಬೇಕು. ಹಿಟ್ಟು ಮಾತ್ರ ಬೇರೆ ಇರಬೇಕು. ಆಗಲೇ ವ್ಯತ್ಯಾಸ ಹಿಟ್ಟಿನಿಂದಲೇ ಬಂತು ಎಂದು ಹೇಳಬಹುದು.

ಕೇಕಿನ ಹಿಟ್ಟಿಗೆ

ಓವನ್ ಇಲ್ಲದ ಮನೆಗಳಲ್ಲಿ ಕುಕ್ಕರಿನಲ್ಲಿಯೂ ಕೇಕ್ ಮಾಡುತ್ತಾರೆ. ಮೈದಾ ಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲೂಟೆನ್ ಎಂಬ ಪ್ರೋಟೀನಿನ ಅಂಟಾದ ಎಳೆಗಳು ಉಂಟಾಗುತ್ತವೆ. ಪರೋಟಕ್ಕೆ ಈ ಎಳೆಗಳು ಬೇಕು. ಕೇಕಿಗೆ ಅವು ಹೆಚ್ಚಾದರೆ ಅದು ರಬ್ಬರಿನಂತಾಗುತ್ತದೆ. ಕೊಬ್ಬು ಹಿಟ್ಟಿನ ಕಣಗಳಿಗೆ ಲೇಪವಾಗಿ ಎಳೆಗಳು ಉದ್ದವಾಗದಂತೆ ತಡೆಯುತ್ತದೆ. ಕೆನೆ ಇಲ್ಲಿ ಮಾಡುವ ಕೆಲಸ ಇದೇ.

ಇದಕ್ಕೆ ಸುಲಭವಾದ ಬದಲಿ ಎಂದರೆ ಹಾಲು ಮತ್ತು ಬೆಣ್ಣೆ. ಮೂರು ಪಾಲು ಹಾಲಿಗೆ ಒಂದು ಪಾಲು ಕರಗಿಸಿದ ಬೆಣ್ಣೆ. ಅಂಗಡಿಯ ಬೆಣ್ಣೆಯಲ್ಲಿ ಕನಿಷ್ಠ ಶೇ. 80ರಷ್ಟು ಕೊಬ್ಬು ಇರುತ್ತದೆ. 100 ಗ್ರಾಂ ಬೆಣ್ಣೆಯಿಂದ 80 ಗ್ರಾಂ, 300 ಗ್ರಾಂ ಟೋನ್ಡ್ ಹಾಲಿನಿಂದ 9 ಗ್ರಾಂ. ಒಟ್ಟು 400 ಗ್ರಾಂ ಮಿಶ್ರಣದಲ್ಲಿ 89 ಗ್ರಾಂ ಕೊಬ್ಬು, ಅಂದರೆ ಸುಮಾರು ಶೇ. 22. ಹೆವಿ ಕ್ರೀಮಿಗಿಂತ ಕಡಿಮೆಯಾದರೂ ಹಿಟ್ಟಿಗೆ ಇದು ಸಾಕಾಗುತ್ತದೆ.

ಮೊಸರನ್ನೂ ಹಾಕಬಹುದು. ಆಗ ಅಡುಗೆ ಸೋಡಾದ ಅಳತೆ ನೋಡಿಕೊಳ್ಳಬೇಕು. ಮೊಸರಿನ ಆಮ್ಲ ಮತ್ತು ಸೋಡಾ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಅನಿಲ ಬಿಡುಗಡೆಯಾಗಿ ಹಿಟ್ಟು ಉಬ್ಬುತ್ತದೆ. ಮೊಸರಿನಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಸ್ವಲ್ಪ ಎಣ್ಣೆಯನ್ನೂ ಸೇರಿಸಬೇಕು.

ನೊರೆಗೆ ಬದಲಿ ಸುಲಭವಲ್ಲ

ಹಾಲು–ಬೆಣ್ಣೆಯ ಮಿಶ್ರಣವನ್ನು ಎಷ್ಟು ಕಡೆದರೂ ಕ್ರೀಮಿನಂತೆ ಉಬ್ಬುವುದಿಲ್ಲ. ಏಕೆ? ಕ್ರೀಮ್ ಉಬ್ಬಬೇಕಾದರೆ ಅದರಲ್ಲಿ ಸುಮಾರು ಶೇ. 30ರಷ್ಟಾದರೂ ಕೊಬ್ಬು ಇರಬೇಕು, ಅದು ತಣ್ಣಗಿರಬೇಕು. ಕಡೆಯುವಾಗ ಗಾಳಿಯ ಗುಳ್ಳೆಗಳು ಒಳಹೋಗುತ್ತವೆ. ಕೊಬ್ಬಿನ ಕಣಗಳ ಪೊರೆ ಅಲ್ಲಲ್ಲಿ ಹರಿದು, ಕಣಗಳು ಒಂದಕ್ಕೊಂದು ಅರ್ಧಂಬರ್ಧ ಅಂಟಿಕೊಂಡು ಗುಳ್ಳೆಯ ಸುತ್ತ ಗೋಡೆ ಕಟ್ಟುತ್ತವೆ. ತಣ್ಣಗಿದ್ದರೆ ಕಣದೊಳಗಿನ ಕೊಬ್ಬು ಸ್ವಲ್ಪ ಗಟ್ಟಿಯಾಗಿರುತ್ತದೆ, ಗೋಡೆ ನಿಲ್ಲುತ್ತದೆ. ಇನ್ನೂ ಕಡೆದರೆ ಪೊರೆಗಳು ಪೂರ್ತಿ ಹರಿದು ಕೊಬ್ಬೆಲ್ಲ ಒಂದಾಗುತ್ತದೆ. ಅದೇ ಬೆಣ್ಣೆ! ಬೆಣ್ಣೆಯಾಗುವಾಗ ಹರಿದ ಪೊರೆಗಳನ್ನು ನಾವು ಚಮಚದಲ್ಲಿ ಕಲಸಿ ಮತ್ತೆ ಮೊದಲಿನಂತೆ ಮಾಡಲಾರೆವು. ಆದ್ದರಿಂದ ಬೆಣ್ಣೆ ಸೇರಿದ ಹಾಲು ಕೆನೆಯಂತೆ ಕಂಡರೂ ಕೆನೆಯಂತೆ ಉಬ್ಬಲಾರದು. ಗಟ್ಟಿ ಕಾಯಿಹಾಲನ್ನು ಫ್ರಿಜ್ಜಿನಲ್ಲಿಟ್ಟರೆ ಮೇಲೆ ನಿಲ್ಲುವ ಪದರವನ್ನು ಕಡೆದಾಗ ತಕ್ಕಮಟ್ಟಿಗೆ ಉಬ್ಬುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದೇ ಇದಕ್ಕೆ ಕಾರಣ. ಬೇಸಿಗೆಯ ಬಿಸಿಲಿಗೆ ಅದು ಬೇಗ ಕರಗುತ್ತದೆ.

ಪೊಟ್ಟಣ ಓದಿ ನೋಡಿ

ಹುಟ್ಟುಹಬ್ಬದ ಕೇಕಿನ ಮೇಲಿನ ಬಿಳಿ ‘ಕ್ರೀಮ್’ ಹಾಲಿನದೇ ಇರಬೇಕೆಂದಿಲ್ಲ. ಬೇಕರಿಗಳಲ್ಲಿ ಸಸ್ಯಜನ್ಯ ಕೊಬ್ಬಿನಿಂದ ಮಾಡಿದ ಕ್ರೀಮನ್ನೂ ಬಹಳವಾಗಿ ಬಳಸುತ್ತಾರೆ. ದ್ರವರೂಪದ ಎಣ್ಣೆಗೆ ಜಲಜನಕ ಸೇರಿಸಿದರೆ ಅದು ಗಟ್ಟಿಯಾಗುತ್ತದೆ. ಈ ಕ್ರಿಯೆ ಅರ್ಧಂಬರ್ಧ ನಡೆದಾಗ ಟ್ರಾನ್ಸ್ ಕೊಬ್ಬು ಉಂಟಾಗುತ್ತದೆ. ಇದು ಹೃದಯದ ಆರೋಗ್ಯಕ್ಕೆ ಕೆಟ್ಟದ್ದು. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮವಿದೆ.

ಐಸ್‌ಕ್ರೀಮ್ ಪೊಟ್ಟಣಗಳನ್ನೂ ಓದಿ. ಕೆಲವು ಪೊಟ್ಟಣಗಳ ಮೇಲೆ ‘ಐಸ್‌ಕ್ರೀಮ್’ ಎಂದಿರುತ್ತದೆ. ಕೆಲವುಗಳ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿರುತ್ತದೆ. ಮೊದಲನೆಯದರಲ್ಲಿ ಇರುವುದು ಹಾಲಿನ ಕೊಬ್ಬು. ಎರಡನೆಯದರಲ್ಲಿ ಸಸ್ಯಜನ್ಯ ಎಣ್ಣೆ ಅಥವಾ ಕೊಬ್ಬು ಇರಬಹುದು. ನೋಡಲು ಎರಡೂ ಒಂದೇ. ಇದೂ ಕೆನೆಯ ಬದಲಿಯೇ. ಆದರೆ ಬದಲಿ ಹಾಕಿದ್ದಾರೆ ಎಂಬುದು ತಿನ್ನುವವರಿಗೆ ತಿಳಿದಿರಬೇಕು.

ಹಾಲು ಒಗ್ಗದ ಗೆಳೆಯರಿಗಾಗಿ

ಕೆಲವರಿಗೆ ಬದಲಿ ಹುಡುಕುವುದು ರುಚಿಯ ಮಾತಲ್ಲ, ಆರೋಗ್ಯದ ಮಾತು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಜೀರ್ಣಿಸಲು ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಅದು ಕಡಿಮೆ ಇರುವವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗಬಹುದು. ಮೊಸರಿನಲ್ಲಿ ಬ್ಯಾಕ್ಟೀರಿಯಾಗಳು ಸ್ವಲ್ಪ ಲ್ಯಾಕ್ಟೋಸನ್ನು ಆಗಲೇ ಬಳಸಿಕೊಂಡಿರುತ್ತವೆ. ಆದ್ದರಿಂದ ಇಂತಹ ಎಷ್ಟೋ ಮಂದಿಗೆ ಹಾಲು ಒಗ್ಗದಿದ್ದರೂ ಮೊಸರು ಒಗ್ಗುತ್ತದೆ.

ಇನ್ನು ಕೆಲವರಿಗೆ ಹಾಲಿನ ಪ್ರೋಟೀನೇ ಅಲರ್ಜಿ. ಇದು ಬೇರೆ ತೊಂದರೆ. ಇವರಿಗೆ ಮೊಸರು, ಬೆಣ್ಣೆ, ಹಾಲಿನ ಪುಡಿ ಸ್ವಲ್ಪ ಸೇರಿದರೂ ಅಪಾಯವಾಗಬಹುದು. ಗೋಡಂಬಿ, ಕಡಲೇಕಾಯಿ ಅಲರ್ಜಿ ಇರುವವರೂ ಇದ್ದಾರೆ. ಆದ್ದರಿಂದ ಅಡುಗೆಯಲ್ಲಿ ಬದಲಿ ವಸ್ತು ಹಾಕಿದಾಗ ಬಡಿಸುವ ಮೊದಲು ಹೇಳಬೇಕು, ಕೇಳಬೇಕು. ‘ಸ್ವಲ್ಪ ಹಾಕಿದ್ದೇನೆ, ಏನೂ ಆಗುವುದಿಲ್ಲ’ ಎನ್ನುವುದು ಸರಿಯಲ್ಲ.

ಕ್ಷೀರಭಾಗ್ಯ ಯೋಜನೆ 2013ರಲ್ಲಿ ಆರಂಭವಾದ ಮೇಲೆ ಶಾಲೆಯಲ್ಲಿಯೇ ಹಾಲು ಕುಡಿಯುವುದು ನಿಮಗೆಲ್ಲ ಅಭ್ಯಾಸವಾಗಿದೆ. ನಿಮ್ಮ ತರಗತಿಯಲ್ಲಿ ಯಾರಾದರೂ ಹಾಲು ಕುಡಿದರೆ ಹೊಟ್ಟೆನೋವು ಎಂದರೆ ಹಂಗಿಸಬೇಡಿ. ಶಿಕ್ಷಕರಿಗೆ ತಿಳಿಸಿ. ಅವರ ಹೊಟ್ಟೆ ನೆಪ ಹೇಳುತ್ತಿಲ್ಲ, ಕಿಣ್ವದ ಕೊರತೆ ಹೇಳುತ್ತಿರಬಹುದು.

ಒಂದು ಎಚ್ಚರಿಕೆ. ಕೆನೆಗೆ ಬದಲಿ ಎಂದರೆ ಹಾಲಿಗೆ ಬದಲಿ ಎಂದಲ್ಲ. ಕಾಯಿಹಾಲು ಬಿಳಿಯಾಗಿದೆ, ಅದಕ್ಕೂ ‘ಹಾಲು’ ಎಂದೇ ಹೆಸರಿದೆ. ಆದರೆ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಬಹಳ ಕಡಿಮೆ. ಗೊಜ್ಜಿನಲ್ಲಿ ಕೆನೆಯ ಕೆಲಸವನ್ನು ಅದು ಮಾಡಬಲ್ಲದು. ಬೆಳೆಯುವ ಮಗುವಿನ ದೇಹದಲ್ಲಿ ಹಾಲಿನ ಕೆಲಸವನ್ನು ಮಾಡಲಾರದು. ಹಾಲು ಕುಡಿಯಲಾಗದ ಮಕ್ಕಳಿಗೆ ರಾಗಿ, ಸೊಪ್ಪು, ಬೇಳೆಕಾಳುಗಳು ಹೆಚ್ಚು ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.

ನೆನಪಿಡಿ

• ಹುಳಿ ಗೊಜ್ಜು, ಕುರ್ಮಾ: ನೆನೆಸಿ ರುಬ್ಬಿದ ಗೋಡಂಬಿ ಅಥವಾ ಕಡಲೇಕಾಯಿ, ಕೊನೆಯಲ್ಲಿ ಹಾಕಿದ ಕಾಯಿಹಾಲು, ಹಿಟ್ಟು ಕದಡಿದ ಮೊಸರು.
• ಪಾಯಸ: ಕುದಿಸಿ ಗಟ್ಟಿ ಮಾಡಿದ ಹಾಲು ಅಥವಾ ಕಾಯಿಹಾಲು.
• ಕೇಕಿನ ಹಿಟ್ಟು: ಹಾಲು ಮತ್ತು ಬೆಣ್ಣೆ, ಮೊಸರು, ಎಣ್ಣೆ ಮತ್ತು ಅಡುಗೆ ಸೋಡಾ.
• ಕೇಕಿನ ಮೇಲಿನ ನೊರೆ: ಮನೆಯಲ್ಲಿ ಪೂರ್ತಿ ಸಮನಾದ ಬದಲಿ ಇಲ್ಲ.

ಯೋಚಿಸಿ ಉತ್ತರಿಸಿ

1. ಪೊಟ್ಟಣದ ಹಾಲನ್ನು ಕೆಲವೊಮ್ಮೆ ‘ಹೋಮೋಜೆನೈಸ್ಡ್’ ಮಾಡಿರುತ್ತಾರೆ. ಅಂದರೆ ಕೊಬ್ಬಿನ ಕಣಗಳನ್ನು ಒತ್ತಡದಿಂದ ಇನ್ನೂ ಚಿಕ್ಕದಾಗಿ ಒಡೆದಿರುತ್ತಾರೆ. ಅಂತಹ ಹಾಲನ್ನು ಇಟ್ಟರೆ ಕೆನೆ ಬೇಗ ಮೇಲೆ ಬರುತ್ತದೆಯೇ, ತಡವಾಗಿ ಬರುತ್ತದೆಯೇ? ಏಕೆ?
2. ಎಮ್ಮೆ ಹಾಲಿನಲ್ಲಿ ಶೇ. 7ರಷ್ಟು ಕೊಬ್ಬು ಇದ್ದರೆ 100 ಗ್ರಾಂ ಹೆವಿ ಕ್ರೀಮಿಗೆ ಎಷ್ಟು ಹಾಲು ಬೇಕು?
3. ಮಧ್ಯಾಹ್ನದ ಬಿಸಿಲಿನಲ್ಲಿ ಕಡೆದರೆ ಬೆಣ್ಣೆ ಸರಿಯಾಗಿ ಕೂಡುವುದಿಲ್ಲ ಎಂದು ಅಜ್ಜಿ ಬೆಳಿಗ್ಗೆಯೇ ಮೊಸರು ಕಡೆಯುತ್ತಾರೆ. ಇದಕ್ಕೆ ಕಾರಣ ಏನಿರಬಹುದು?
4. ನಿಮ್ಮ ಮನೆಯಲ್ಲಿ ಒಂದು ವಸ್ತು ಇಲ್ಲದಾಗ ಇನ್ನೊಂದನ್ನು ಹಾಕುವ ಮೂರು ಉದಾಹರಣೆ ಪಟ್ಟಿ ಮಾಡಿ. ಹುಣಸೆಹಣ್ಣಿಗೆ ಬದಲು ನಿಂಬೆ, ಬೆಲ್ಲಕ್ಕೆ ಬದಲು ಸಕ್ಕರೆ, ಹೀಗೆ. ಪ್ರತಿಯೊಂದರ ಮುಂದೆ, ಆ ವಸ್ತು ಅಲ್ಲಿ ಯಾವ ಕೆಲಸ ಮಾಡುತ್ತಿತ್ತು, ಬದಲಿ ವಸ್ತು ಯಾವ ಕೆಲಸವನ್ನು ಮಾಡಲಿಲ್ಲ ಎಂದು ಬರೆದು ತರಗತಿಯಲ್ಲಿ ಚರ್ಚಿಸಿ.